ಅರ್ಧ ಕ್ಷೌರ

ಬಲಗೆನ್ನೆಯ ನೊರೆಯನ್ನು ಕತ್ತಿಯಿಂದ ಎಳೆದು, ಅಣ್ಣ ಅದನ್ನು ಹೆಗಲ ಮೇಲಿನ ಟವೆಲಿಗೆ ಒರೆಸಿದ. ತಮ್ಮ ಅಲುಗಾಡಲಿಲ್ಲ. ಒಂದು ನಿಮಿಷ ನಿಂತಲ್ಲಿ ನಿಂತವನಲ್ಲ ಎಂದು ಗಲ್ಲಿಯವರೆಲ್ಲ ನಗುತ್ತಿದ್ದ ಆಸಾಮಿ, ಈಗ ಹೇಳಿದ ಮಾತು ಕೇಳುವ ಗಿರಾಕಿಯ ಹಾಗೆ ಮಂಚದ ಮೇಲೆ ಮಲಗಿದ್ದ. ಹೊರಗೆ ಗಾಡಿ ಬಂದು ನಿಂತಿತ್ತು.

ಅಣ್ಣ ಈ ಮನೆಯ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು. ಬೆಳಿಗ್ಗೆ ತಮ್ಮ ತೀರಿಕೊಂಡ ಸುದ್ದಿ ಮುಟ್ಟಿದ್ದೇ ತಡ, ಕ್ಷೌರದ ಪೆಟ್ಟಿಗೆ ಹಿಡಿದುಕೊಂಡು ಬಂದಿದ್ದ. ತಮ್ಮನ ಹೆಂಡತಿ ಬಾಗಿಲಿಗೆ ಒರಗಿ ಅವನ ಕೈಯನ್ನೇ ನೋಡುತ್ತಿದ್ದಳು. ಭಾವ ಕಾಯಿಲೆಯ ಬಗ್ಗೆ ಕೇಳಿದರೆ ಸುಳ್ಳು ಹೇಳಲು ಬಾಯಿ ಬಂದೀತೇ ಎಂಬುದೊಂದೇ ಅವಳ ಚಿಂತೆ.

ಜಗುಲಿಯಲ್ಲಿ ಗಲ್ಲಿಯ ಬೇಕರಿಯವನು ದನಿ ತಗ್ಗಿಸಿ ಹಳೆಯದನ್ನು ತೆಗೆದಿದ್ದ.

"ಒಂದ್ಸಲ ಇವನು ನನ್ನ ಅರ್ಧ ಮೀಸೆ ಬಿಟ್ಟು ಬೀದಿಗೆ ಹೊರಟೇಹೋದ ನೋಡಿ."

"ಆಮೇಲೆ?"

"ಆಮೇಲೇನು, ಕೂತೆ. ಅರ್ಧ ಮೀಸೇಲಿ ಎಲ್ಲಿಗೆ ಹೋಗ್ಲಿ?"

*

ಆಗ ಕ್ಷೌರದಂಗಡಿ ಅಣ್ಣ ತಮ್ಮ ಇಬ್ಬರದೂ. ಎರಡು ಕುರ್ಚಿ, ಒಂದೇ ಉದ್ದ ಕನ್ನಡಿ. ತಮ್ಮ ಗಿರಾಕಿಯ ಮುಖಕ್ಕೆ ನೊರೆ ಹಚ್ಚಿ, ಅರ್ಧ ಬೋಳಿಸಿ, ಕತ್ತಿ ಕೆಳಗಿಟ್ಟು ಬೀದಿಗೆ ಇಳಿದುಬಿಡುತ್ತಿದ್ದ. ಮೂಲೆಯ ತನಕ ಹೋಗಿ ಬಂದು, ಏನೂ ಆಗದವನಂತೆ ಉಳಿದರ್ಧ ಮುಗಿಸುತ್ತಿದ್ದ. ನಿಂತರೆ ಮೀನಖಂಡ ಕಲ್ಲಾಗುತ್ತದೆ, ಪಾದದಲ್ಲಿ ಇರುವೆ ಹರಿದಂತೆ ಜುಮುಜುಮು ಅನ್ನುತ್ತದೆ ಎಂದು ಒಮ್ಮೆ ಹೇಳಿದ್ದ. ನಿಂತು ದುಡಿಯುವವರಲ್ಲಿ ಯಾರ ಕಾಲು ನೋಯುವುದಿಲ್ಲ ಎಂದು ಅಣ್ಣ ನಕ್ಕಿದ್ದ. ಒಂದು ದಿನ ಅಂಗಡಿ ತುಂಬ ಜನರಿದ್ದಾಗ ಅವನ ತಾಳ್ಮೆ ಕೆಟ್ಟಿತು.

"ಒಂದು ಕಡೆ ನಿಲ್ಲೋಕಾಗದಿದ್ರೆ ಕತ್ತಿ ಯಾಕೋ ಮುಟ್ತೀಯ?"

ತಮ್ಮ ಕತ್ತಿಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟ. ಮತ್ತೆ ಅಂಗಡಿಗೆ ಕಾಲಿಡಲಿಲ್ಲ.

*

ಪಾರ್ಕಿನ್ಸನ್ಸ್ ಅಂತ ಡಾಕ್ಟರು ಹೇಳಿದ್ದು ಆಮೇಲೆ, ಕೈಯೂ ನಡುಗತೊಡಗಿದ ಮೇಲೆ. ಕಾಲಿನ ಸೆಳೆತವೂ ಅದರದೇ, ಮೊದಲಿಂದಲೂ ಅದೇ ಇದ್ದಿರಬೇಕು ಎಂದರು. ಬೆಳಿಗ್ಗೆ ಮಾತ್ರೆ ಹಿಡಿಯುವ ತನಕ ಅವನ ಕಾಲ್ಬೆರಳುಗಳು ಒಳಕ್ಕೆ ಮುದುಡಿಕೊಂಡಿರುತ್ತಿದ್ದವು. ಹೆಂಡತಿ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ನಿಧಾನಕ್ಕೆ ಮೇಲಕ್ಕೆ ಎಳೆದು ಹಿಡಿದರೆ, ಅವನು ಹಲ್ಲು ಕಚ್ಚಿಕೊಂಡೇ ಅವಳನ್ನು ರೇಗಿಸುತ್ತಿದ್ದ: ಮದುವೆಯಲ್ಲಿ ಕೈಯನ್ನೂ ಅವಳು ಇಷ್ಟು ಗಟ್ಟಿಯಾಗಿ ಹಿಡಿದಿರಲಿಲ್ಲವಂತೆ.

ಭಾವನಿಗೆ ಹೇಳಿಬಿಡೋಣ ಎಂದು ಅವಳು ಎಷ್ಟೋ ಸಲ ಗೋಗರೆದಿದ್ದಳು.

"ಕಾಯಿಲೆ ಗೊತ್ತಾದ್ರೆ ಆಗ್ಲಿ. ಅಂಗಡೀಲೇ ಶುರುವಾಗಿತ್ತು ಅಂತ ಮಾತ್ರ ಹೇಳ್ಬೇಡ ಕಣೆ. ನನ್ನ ಮೇಲಿನ ಸಿಟ್ಟನ್ನಾದ್ರೆ ಅವನು ಹೊತ್ಕೊಂಡು ಓಡಾಡ್ತಾನೆ. ಇದು ಗೊತ್ತಾದ್ರೆ ಊಟ ಸೇರಲ್ಲ ಅವನಿಗೆ."

ಅವಳಿಂದ ಮಾತು ತೆಗೆದುಕೊಂಡೇ ಬಿಟ್ಟಿದ್ದ.

*

ಮುಖ ಮುಗಿಯಿತು. ಅಣ್ಣ ಮಂಚದ ಕೆಳತುದಿಗೆ ಸರಿದು ಹೊದಿಕೆ ಎತ್ತಿದ. ಕಾಲಿನ ಉಗುರುಗಳು ಉದ್ದಕ್ಕೆ ಬೆಳೆದು ಬಾಗಿದ್ದವು.

"ಮುಟ್ಟೋಕೆ ಬಿಡ್ತಿರಲಿಲ್ಲ ಭಾವ," ಎಂದಳು ಅವಳು. "ಪಾದ ಮುಷ್ಟಿ ಥರ ಆಗ್ಬಿಡೋದು. ಆ ನಡುಕದ ಕಾಯಿಲೇದೇ ಅದು."

"ಯಾವಾಗಿಂದ?"

ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ಹೋದ ವರ್ಷದಿಂದ."

ಅಣ್ಣ ಒಂದೊಂದೇ ಬೆರಳನ್ನು ಬಿಡಿಸಿ ನೋಡಿದ. ಮಡಚಿಕೊಂಡೇ ಬೂಟಿಗೆ ಉಜ್ಜಿ ಉಜ್ಜಿ, ಬೆರಳುಗಳ ಬೆನ್ನ ಮೇಲೆ ಚರ್ಮ ದಪ್ಪಗೆ ಜಡ್ಡುಗಟ್ಟಿತ್ತು. ಅಣ್ಣನ ಹೆಬ್ಬೆರಳಲ್ಲೂ ಕತ್ತರಿ ಹಿಡಿದು ಹಿಡಿದು ಬಂದ ಅಂಥದೇ ಜಡ್ಡಿತ್ತು; ಅದು ಹೋದ ವರ್ಷ ಬಂದದ್ದಲ್ಲ. ಆ ಹೆಬ್ಬೆರಳಿನಿಂದ ತಮ್ಮನ ಬೆರಳುಗಳನ್ನು ಬಹಳ ಹೊತ್ತು ಸವರಿದ. ತಲೆ ಎತ್ತಲಿಲ್ಲ.

"ಹೋದ ವರ್ಷ," ಅಂದ. "ಸರಿ."

ಗಾಡಿಯವನು ಬಾಗಿಲಲ್ಲಿ ಬಂದು ಕೆಮ್ಮಿದ. ಅಣ್ಣ ಆ ಕಡೆ ನೋಡಲಿಲ್ಲ.

"ಸ್ವಲ್ಪ ಬಿಸಿನೀರು ತಾರಮ್ಮ. ನೆನೆದ್ರೆ ಉಗುರು ಮೆತ್ತಗಾಗುತ್ತೆ."

ಅವಳು ಬೋಗುಣಿಯಲ್ಲಿ ನೀರು ತಂದಳು. ಕೆಳಗಿಡುವ ಮೊದಲು ಬೆರಳದ್ದಿ ನೋಡಿ, ಕಾಲು ಸುಟ್ಟೀತೆಂದು ಒಳಗೆ ತಿರುಗಿ ಹೋಗಿ, ತಣ್ಣೀರು ಬೆರೆಸಿ ತಂದಳು.