ಹದಿನೆಂಟು ಲಾಳಿಗಳ ಪೆಟ್ಟಿಗೆ

ಹೆಣದ ತಲೆಯ ಮೇಲೆ ಎರಡನೆಯ ಬಿಂದಿಗೆ ನೀರು ಸುರಿಯುತ್ತಿದ್ದಾಗಲೇ ಖಾದರ್ ಬಾಷಾನ ಸೈಕಲ್ಲು ಬೇಲಿಗೆ ಗುದ್ದಿತು. ಅವನು ಅದನ್ನು ಅಲ್ಲೇ ಬೀಳಬಿಟ್ಟು, ಜನರನ್ನು ತಳ್ಳಿಕೊಂಡು ಅಂಗಳಕ್ಕೆ ನುಗ್ಗಿದ.

ಹಲಗೆಯ ಮೇಲೆ ಕೂರಿಸಿದ್ದದ್ದು ಚಿಕ್ಕಮಾರಯ್ಯನನ್ನು. ನಿನ್ನೆ ಸಂಜೆಯವರೆಗೂ ಯಶವಂತಪುರದ ಕಾರ್ಖಾನೆಯಲ್ಲಿ ಖಾದರನ ಪಕ್ಕ ನಿಂತು ಮಗ್ಗದ ಬಿಡಿಭಾಗಗಳನ್ನು ತನ್ನ ಪಾಲಿನ ಪೆಟ್ಟಿಗೆಗೆ ತುಂಬುತ್ತಿದ್ದ ಆಸಾಮಿ, ಬೆಳಿಗ್ಗೆ ಕೊಡಿಗೇಹಳ್ಳಿಯ ತನ್ನ ಮನೆ ಬಾವಿಯಲ್ಲಿ ನೀರು ಸೇದುತ್ತ ಕುಸಿದುಬಿಟ್ಟಿದ್ದ. ಐವತ್ತೆರಡು ವರ್ಷ. ಒಂದು ಕೆಮ್ಮು ಕೂಡ ಇರಲಿಲ್ಲ.

ಖಾದರ ಗೆಳೆಯನ ಒದ್ದೆ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಮೂಗು ಒರೆಸಿಕೊಂಡ. ಆಮೇಲೆ ಗೆಳೆಯನ ಹೆಂಡತಿ ಬೈರಮ್ಮನ ಕಡೆ ತಿರುಗಿ, ಸುತ್ತಿ ಬಳಸದೆ ಕೇಳಿದ:

“ಅತ್ತಿಗೆ, ನಿನ್ನೆ ಪೆಟ್ಟಿಗೇಲಿ ಏನೇನ್ ಹಾಕ್ದ ಅಂತ ನಿಮಗೆ ಹೇಳಿದ್ನಾ?”

ಅಳು ಗಕ್ಕನೆ ನಿಂತಿತು. ಸತ್ತವನ ಅಣ್ಣ ಪಿಳ್ಳಣ್ಣ ಬಿಂದಿಗೆ ಕುಕ್ಕಿದ.

“ಲೇ ಖಾದರ, ಎಣದ ಮುಂದೆ ಸಾಮಾನ್ ಪಟ್ಟಿ ಕೇಳ್ತೀಯಲ್ಲ, ನಾಚ್ಕೆ ಆಗಾಕಿಲ್ವಾ ನಿಂಗೆ?”

“ಆಗ್ತದೆ ಪಿಳ್ಳಣ್ಣ. ಸಾಯಂಕಾಲ ಕೂತ್ಕೊಂಡು ನಾಚ್ಕೋತೀನಿ, ಈಗ ಪುರ್ಸೊತ್ತಿಲ್ಲ. ಪಟ್ಟಿ ಇಲ್ದೆ ರೈಲ್ವೇಲಿ ಪೆಟ್ಟಿಗೆ ತಗೊಳ್ಳಲ್ಲ. ನಮ್ಮ ಮೇಸ್ತ್ರಿ ಮುನಿಶಾಮಿ ಸುತ್ತಿಗೆ ಹಿಡ್ಕೊಂಡು ನಿಂತವ್ನೆ. ಹನ್ನೆರಡು ಗಂಟೆ ಒಳಗೆ ಪಟ್ಟಿ ಬರ್ಲಿಲ್ಲ ಅಂದ್ರೆ ಪೆಟ್ಟಿಗೆ ಒಡೆದು ಎಣಿಸ್ತಾನಂತೆ. ಹದಿನಾರು ವರ್ಷ! ಇವ್ನು ಮೊಳೆ ಹೊಡೆದ ಪೆಟ್ಟಿಗೇನ ಯಾವನೂ ಇಲ್ಲಿ ಬಿಚ್ಚಿಲ್ಲ. ಇವ್ನು ಮಣ್ಣಿಗೆ ಹೋಗೋ ದಿನಾನೇ ಬಿಚ್ಚಬೇಕಾ? ಹೇಳು.”

ಪಿಳ್ಳಣ್ಣ ಬಿಂದಿಗೆ ಸರಿಸಿ, ಬೈರಮ್ಮನಿಗೆ ಹೇಳೆಂದು ಸನ್ನೆ ಮಾಡಿದ.

*

ಕಾರ್ಖಾನೆಯಲ್ಲಿ ಪ್ರತಿ ಸಾಮಾನಿಗೂ ಒಂದು ಇಂಗ್ಲಿಷ್ ಹೆಸರು, ಅದರ ಮೇಲೊಂದು ನಂಬರು. ಚಿಕ್ಕಮಾರಯ್ಯನ ತಲೆಗೆ ಅವು ಹತ್ತಲಿಲ್ಲ. ಸೇರಿದ ಮೊದಲ ವಾರವೇ ಎರಕದ ಹಲ್ಲುಚಕ್ರಗಳ ಮೇಲೆ ಬೋಲ್ಟುಗಳನ್ನು ಸುರಿದು, ಮೂರು ಚಕ್ರ ಒಡೆದು, ಹೊಟ್ಟೆ ತುಂಬ ಬೈಸಿಕೊಂಡ. ಮರುದಿನ ಬಂದವನು ಇಡೀ ರಾಶಿಯನ್ನು ಬಂಧುಬಳಗ ಮಾಡಿ ವಿಂಗಡಿಸಿಬಿಟ್ಟ.

“ನೋಡು ಖಾದರ. ಲಾಳಿ ಅಂದ್ರೆ ಮಗಳು. ತೌರಿಗೊಂದ್ಸಲ, ಗಂಡನ ಮನೆಗೊಂದ್ಸಲ ಓಡಾಡೋದೇ ಅವಳ ಬಾಳು. ಎಣ್ಣೆ ಸವರಿ, ಬಟ್ಟೆ ಸುತ್ತಿ ಮಲಗ್ಸು. ಅಲ್ಲುಚಕ್ರ ಅತ್ತೆ. ಗಟ್ಟಿಗಿತ್ತಿ ಅಂತ ಕಾಣ್ತಾಳೆ, ಒಂದ್ ಏಟು ಬಿದ್ರೆ ಸಿಡ್ದೋಗ್ತಾಳೆ. ಲಾಳೀನ ಬಡ್ದು ಓಡ್ಸೋ ಕೋಲು ಅಳಿಯ. ಅತ್ತೆ ಅಳಿಯ ಒಬ್ರಿಗೊಬ್ರು ತಾಗಬಾರ್ದು, ನಡುವೆ ಮೂರಂಗುಲ ಉಲ್ಲು ಆಕು.”

“ನಟ್ಟು, ಬೋಲ್ಟು?”

“ನೆಂಟ್ರು. ಸಂದು ಸಿಕ್ಕಿದ್ ಕಡೆ ನುಗ್ತಾರೆ. ಚೀಲಕ್ಕೆ ಕಟ್ಟಿ ಮೂಲೆಗೆ ಕೂರ್ಸು.”

ಖಾದರ ಅವತ್ತು ನಕ್ಕು ನಕ್ಕು ಹುಲ್ಲಿನ ಮೇಲೆ ಉರುಳಿದ್ದ. ತಿಂಗಳು ಕಳೆಯುವುದರೊಳಗೆ ತಾನೂ “ಅಳಿಯಂದ್ರು ಬಂದ್ರಾ?” ಎಂದು ಕೇಳತೊಡಗಿದ. ಅಲ್ಲಿಂದಾಚೆಗೆ ಒಂದು ಚಕ್ರವೂ ಒಡೆಯಲಿಲ್ಲ.

ಸಂಜೆ ಪೆಟ್ಟಿಗೆಗೆ ಮೊಳೆ ಹೊಡೆದು ಮನೆಗೆ ಹೋಗುವುದು, ಊಟಕ್ಕೆ ಕೂತಾಗ ಒಳಗಿರುವುದನ್ನೆಲ್ಲ ಹೆಂಡತಿಯ ಮುಂದೆ ಒಪ್ಪಿಸುವುದು, ಬೆಳಿಗ್ಗೆ ಬಂದು ಪಟ್ಟಿ ಬರೆಯುವುದು, ಇದು ಚಿಕ್ಕಮಾರಯ್ಯನ ಕ್ರಮ. ಬಾಯಿಬಿಟ್ಟು ಒಪ್ಪಿಸಿದ್ದು ಮರೆಯುವುದಿಲ್ಲ ಎಂದು ಅವನ ನಂಬಿಕೆ. ಇವತ್ತಿನ ಬೆಳಿಗ್ಗೆ ಮಾತ್ರ ಅವನು ಬರಲಿಲ್ಲ.

*

ಬೈರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುವ ರಾಗದಲ್ಲೇ ಎತ್ತಿದಳು:

“ಅದಿನೆಂಟು ಎಣ್ಮಕ್ಕಳಿಗೆ ಎಣ್ಣೆ ಅಚ್ಚಿ ಮಲಗ್ಸಿದ್ಯಲ್ಲೋ ನನ್ನ ದೊರೆಯೇ... ಒಂಬತ್ತು ಜನ ಅತ್ತೇರ್ನ ಉಲ್ಲಿನೊಳ್ಗೆ ಕೂರ್ಸಿದ್ಯಲ್ಲೋ ನನ್ನಪ್ಪಾ...”

ಖಾದರ ಮಂಡಿಯೂರಿ, ಮಂಡಿಯ ಮೇಲೆ ಕಾಗದವಿಟ್ಟು ಗೀಚಿಕೊಂಡ: ಲಾಳಿ ಹದಿನೆಂಟು. ಹಲ್ಲುಚಕ್ರ ಒಂಬತ್ತು.

“ಮುಂದೆ, ಅತ್ತಿಗೆ?”

ರಾಗ ನಿಂತಿತು.

“ಮುಂದೆ ಗೊತ್ತಿಲ್ಲ ಕಣಣ್ಣ. ಅವ್ರು ಏಳ್ತಾನೇ ಇದ್ರು. ಕಳೆ ಕಿತ್ತು ಸಾಕಾಗಿತ್ತು, ಗೋಡೆಗೆ ಒರಗ್ದೋಳು ಅಂಗೇ ನಿದ್ದೆ ಓಗ್ಬುಟ್ಟೆ. ಬೆಳಿಗ್ಗೆ ನಾನು ಏಳೋಕೆ ಮೊದ್ಲೇ ಬಾವಿತಾವ ಓಗಿದ್ರು. ಕೊನೇ ಸಲ ಮಾತಾಡಿದ್ದನ್ನೂ ಕೇಳಿಸ್ಕಳ್ಳಿಲ್ಲ ಈ ಪಾಪಿ!”

ಈ ಸಲದ ಅಳುವಿಗೆ ರಾಗವಿರಲಿಲ್ಲ. ಖಾದರ ಸೂರ್ಯನ ಕಡೆ ನೋಡಿದ. ಯಶವಂತಪುರಕ್ಕೆ ಎಷ್ಟು ತುಳಿದರೂ ಅರ್ಧ ಗಂಟೆ.

“ಸುಮ್ಕಿರೇ ಸಾಕು,” ಎಂದು ಗುಂಪಿನಿಂದ ಪಕ್ಕದ ಮನೆಯ ಮುನಿಕೃಷ್ಣಮ್ಮ ಮುಂದೆ ಬಂದಳು. “ನಿಂಗೆ ನಿದ್ದೆ ಬಂತು. ನಂಗೆ ಬರ್ಬೇಕಲ್ಲ? ನಡುವೆ ಇರೋದು ಒಂದು ಮಣ್ಣಿನ ಗೋಡೆ. ಅವಯ್ಯಂದು ಗಂಟ್ಲೋ, ತಮಟೆಯೋ! ಬರ್ಕೋ ಖಾದರಣ್ಣ. ಅಳಿಯಂದ್ರು ಇಪ್ಪತ್ನಾಕು.”

“ನೆಂಟ್ರು?”

“ನಾಕು ಚೀಲ. ಮೂರು ದೊಡ್ಡದು, ಒಂದು ಚಿಕ್ಕದು.”

“ಅಯ್ಯೋ, ಅದು ಮೊನ್ನೆ ಪೆಟ್ಟಿಗೇದು ಕಣೇ!” ಎಂದು ಎದುರು ಮನೆಯ ಮುದುಕಿ ಅಂಜಿನಮ್ಮ ಜಗಲಿಯಿಂದಲೇ ಕೂಗಿದಳು. “ನಿನ್ನೇದ್ರಲ್ಲಿ ನಾಕೂ ದೊಡ್ಡದೇ. ನೆಂಟ್ರು ಮೈ ತುಂಬ್ಕಂಡವ್ರೆ ಅಂತ ಅಂದ.”

ಮೊದಲು ಮೂಗಿನಲ್ಲಿ ಪುಸಕ್ಕೆಂದವನು ಪಿಳ್ಳಣ್ಣನೇ. “ಊರೆಲ್ಲ ಒಪ್ಪಿಸ್ಕಂಡೈತಲ್ಲೋ ಇವನ ಪಾಠಾನ!” ಎಂದ. ನಗು ಅಂಗಳದ ತುಂಬ ಹರಡಿತು. ಚಟ್ಟ ಕಟ್ಟುತ್ತಿದ್ದವರು ಹಗ್ಗ ಬಿಟ್ಟು ನಕ್ಕರು. ಬೈರಮ್ಮ ಕಣ್ಣೀರು ಸುರಿಸುತ್ತಲೇ ನಕ್ಕಳು. ಆಮೇಲೆ ಮುನಿಕೃಷ್ಣಮ್ಮನ ಕೈ ಹಿಡಿದುಕೊಂಡು ಕೇಳಿದಳು:

“ಆಮೇಕೆ ಏನಂದ್ರೇ? ಎಲ್ಲಾ ಆದ್ಮೇಲೆ?”

“ಏನಂದ... ‘ಲೇ ಬೈರೀ, ಮಲಗ್ಬುಟ್ಯಾ? ಮಲ್ಕೋ ಮಲ್ಕೋ, ನಾಳೀಕೆ ಮೊದ್ಲಿಂದ ಒಪ್ಪಿಸ್ತೀನಿ’ ಅಂದ. ಒಬ್ನೇ ನಗಾಡ್ದ.”

ಬೈರಮ್ಮ ಅದನ್ನು ಇನ್ನೊಂದು ಸಲ ಹೇಳಿಸಿದಳು. ಖಾದರ ಅಷ್ಟರಲ್ಲಿ ಸೈಕಲ್ಲು ಎತ್ತಿ ನಿಲ್ಲಿಸಿದ್ದ.

“ನಾನು ಬರೋವರ್ಗೂ ಮಣ್ಣು ಮುಚ್ಚಿದ್ರೆ ಒಬ್ಬೊಬ್ರನ್ನೂ ನೋಡ್ಕೋತೀನಿ!” ಎಂದು ಕೂಗಿ ಪೆಡಲು ತುಳಿದ.

*

ಚಿಕ್ಕಮಾರಯ್ಯನ ಹೊಲ ರೈಲು ಹಳಿಯ ಪಕ್ಕದಲ್ಲೇ. ನಾಲ್ಕು ಗಂಟೆಗೆ ದೇಹವನ್ನು ಗುಂಡಿಗೆ ಇಳಿಸಿ, ಎಲ್ಲರೂ ಹಿಡಿ ಮಣ್ಣು ಹಿಡಿದು ಕಾಯುತ್ತಿದ್ದಾಗ ಖಾದರ ಬೆವರು ಸುರಿಸುತ್ತ ಬಂದ. ಗುಂಡಿಯ ಅಂಚಿಗೆ ಕುಕ್ಕರುಗಾಲಲ್ಲಿ ಕೂತು ಗೆಳೆಯನಿಗೇ ಹೇಳಿದ:

“ಪೆಟ್ಟಿಗೇನ ರೈಲಿಗೆ ಹತ್ತಿಸ್ಬಿಟ್ಟೆ ಕಣೋ. ಒಂದು ಮೊಳೆ ಕೀಳೋಕೆ ಬಿಟ್ಟಿಲ್ಲ.”

ಅವನು ಏಳುವಷ್ಟರಲ್ಲಿ ಯಶವಂತಪುರದ ದಿಕ್ಕಿನಿಂದ ಶಿಳ್ಳೆ ಕೇಳಿತು. ಗೂಡ್ಸ್ ಗಾಡಿ ಹೊಗೆ ಉಗುಳುತ್ತ ನಿಧಾನವಾಗಿ ಏರಿ ಬಂತು.

“ಯಾವ ಡಬ್ಬಿ ಅಣ್ಣ?” ಬೈರಮ್ಮ ಕೇಳಿದಳು.

“ಇಂಜಿನ್ನಿಂದ ಏಳ್ನೇದು.”

ಮುಷ್ಟಿಯಲ್ಲಿ ಮಣ್ಣು ಹಿಡಿದ ಅಷ್ಟೂ ಜನ ಗುಂಡಿಗೆ ಬೆನ್ನು ತಿರುಗಿಸಿ ಹಳಿಯ ಕಡೆ ನಿಂತರು. ಪಿಳ್ಳಣ್ಣ ಗಟ್ಟಿಯಾಗಿ ಎಣಿಸಿದ. ಏಳು ಎನ್ನುತ್ತಿದ್ದಂತೆ ಮುನಿಕೃಷ್ಣಮ್ಮ ಕೂಗಿದಳು: “ಉಸಾರಾಗಿ ಓಗ್ರೇ ನಮ್ಮವ್ವಾ! ಅತ್ತೇರ ಜೊತೆ ಜಗಳ ಆಡ್ಬ್ಯಾಡ್ರಿ!”

ಬೈರಮ್ಮ ಕೈ ಮೇಲೆತ್ತಿ ಬೀಸಿದಳು. ಅವಳನ್ನು ನೋಡಿ ಮಿಕ್ಕವರೂ ಬೀಸಿದರು. ಕೊನೆಯ ಡಬ್ಬಿಯಲ್ಲಿ ನಿಂತಿದ್ದ ಗಾರ್ಡು, ಹೊಲದ ತುಂಬ ಜನ ತನಗೇಕೆ ಹೀಗೆ ಕೈ ಬೀಸುತ್ತಿದ್ದಾರೆಂದು ತಿಳಿಯದೆ ಒಂದು ಗಳಿಗೆ ಬೆಪ್ಪಾದ. ಆಮೇಲೆ ಕಂಕುಳಲ್ಲಿದ್ದ ಹಸಿರು ಬಾವುಟ ತೆಗೆದು, ಗಾಡಿ ತಿರುವು ದಾಟುವವರೆಗೂ ಅವರ ಕಡೆ ಆಡಿಸುತ್ತಲೇ ಹೋದ.