ಸುಣ್ಣ ಕಟ್ಟಿದ ನಳಿಕೆ

2024ರ ಜೂನ್ 11, ಮಂಗಳವಾರ, ಬೆಳಿಗ್ಗೆ 10 ಗಂಟೆ 40 ನಿಮಿಷ.

“ಏ ಮುದುಕಿ, ಹಳದಿ ಗೆರೆಯಾಚೆ ನಿಲ್ಲು. ನೆಲ ಒರ್ಸೋಳಿಗೆ ಇಲ್ಲೇನ್ ಕೆಲ್ಸ?” ಎಂದರು ಡ್ಯೂಟಿ ಡಾಕ್ಟರ್ ಬಕ್ಕೇಶ್.

ದಾವಣಗೆರೆಯ ಆ ಖಾಸಗಿ ಆಸ್ಪತ್ರೆಯಲ್ಲಿ ಡಾಕ್ಟರರು ರೋಗಿಯ ಬಳಿ ಇದ್ದಾಗ ಗುತ್ತಿಗೆ ಆಯಾಗಳು ಐಸಿಯುವಿನ ಗೆರೆ ದಾಟುವಂತಿಲ್ಲ. ರಂಗವ್ವ ಮಾಪು ಹಿಡಿದು ಸರಿಯಾಗಿ ಗೆರೆಯ ಮೇಲೆಯೇ ನಿಂತಳು. ಮಂಚದ ಮೇಲಿದ್ದವನು ಬಡೇಸಾಬ್. ದಿನಾ ಹರಿಹರದಿಂದ ಬಂದು ಇದೇ ಆಸ್ಪತ್ರೆಯ ಆಫೀಸಿನವರ ಲಿಫ್ಟ್ ನಡೆಸುವವನು. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಬೇಕಿತ್ತು. ಸೂಪರ್‌ವೈಸರ್ ಅಜ್ಜಪ್ಪ ಕಳೆದ ವಾರ ಎರಡಕ್ಕೂ ರಜೆ ಕೊಟ್ಟಿರಲಿಲ್ಲ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಂತಿತ್ತು.

ಒಬ್ಬ ಎದೆ ಒತ್ತುತ್ತಿದ್ದ. ನರ್ಸ್ ಶಾಂತಲಾ ಕ್ಯಾಲ್ಸಿಯಂ ಏರಿಸಿದಳು. ಡಾಕ್ಟರ್ ಸೋಡಿಯಂ ಬೈಕಾರ್ಬೊನೇಟ್ ಕೇಳಿದರು. ಮೊದಲು ಸಲೈನ್ ಬಿಟ್ಟು ನಳಿಕೆ ತೊಳೆಯಬೇಕು ಎಂದಳು ಶಾಂತಲಾ. ಅವಳ ಬಾಯಿ ಮುಚ್ಚಿಸಿ, ಅದೇ ನಳಿಕೆಗೆ ಅವರೇ ಸಿರಿಂಜ್ ಹಚ್ಚಿದರು.

ಉಳಿದಿದ್ದ ಕ್ಯಾಲ್ಸಿಯಂ ಜೊತೆ ಅದು ಬೆರೆತು ನಳಿಕೆಯೊಳಗೆ ಬೆಳ್ಳಗೆ ಗಟ್ಟಿಕಟ್ಟತೊಡಗಿತು. ನಲವತ್ತು ವರ್ಷ ಎಲೆಗೆ ಸುಣ್ಣ ಹಚ್ಚಿದ ಕಣ್ಣಿಗೆ ಅಷ್ಟು ಸಾಕಾಯಿತು. ರಂಗವ್ವ ಗೆರೆ ದಾಟಿ ನಳಿಕೆಯನ್ನು ಬೆರಳಲ್ಲಿ ಅದುಮಿ ಹಿಡಿದಳು.

“ಬಿಡೇ, ರಂಡೆ.”

“ಆಮ್ಯಾಲೆ ಬಯ್ಯೀರಂತೆ ಸಾರ್. ಪೈಪ್ನಾಗೆ ಸುಣ್ಣ ಕಟ್ಟೈತೆ ನೋಡ್ರಿ. ಅವ್ನಿಗೆ ಔಷ್ದಿ ಹಾಕ್ರಿ ಅಂದ್ರೆ ಒಳಗೆ ಗ್ವಾಡಿ ಬಳೀತೀರಲ್ಲ.”

ಅಷ್ಟರಲ್ಲಿ ಶಾಂತಲಾ ಬಡೇಸಾಬನ ಇನ್ನೊಂದು ಕೈಯ ಸೂಜಿಯಲ್ಲಿ ಹೊಸದಾಗಿ ಬೈಕಾರ್ಬೊನೇಟ್ ಏರಿಸಿದ್ದಳು. ಒಂಬತ್ತು ನಿಮಿಷಕ್ಕೆ ನಾಡಿ ಸಿಕ್ಕಿತು. ಬಡೇಸಾಬನನ್ನು ಡಯಾಲಿಸಿಸ್ಸಿಗೆ ಒಯ್ದರು. ಸಮಯಪ್ರಜ್ಞೆ ತಮ್ಮದೆಂದು ಡಾಕ್ಟರ್ ಕೇಸ್‌ಶೀಟಿನಲ್ಲಿ ಬರೆದುಕೊಂಡರು.

ಮಧ್ಯಾಹ್ನ ಅಜ್ಜಪ್ಪ ಕೆಳಗಿನಿಂದ ಹೇಳಿಕಳಿಸಿದ: ಗೆರೆ ದಾಟಿದ್ದಕ್ಕೆ ರಂಗವ್ವ ತಪ್ಪೊಪ್ಪಿಗೆ ಬರೆದುಕೊಡಬೇಕು, ಬಡೇಸಾಬನಿಗೆ ನಾಳೆಯೇ ಡ್ಯೂಟಿ. ರಂಗವ್ವ ಐದನೇ ಮಹಡಿಯಲ್ಲಿ ಆಫೀಸಿನ ಲಿಫ್ಟಿನ ಬಾಗಿಲಿಗೆ ಸ್ಟೂಲ್ ಅಡ್ಡವಿಟ್ಟು, ಅದರ ಮೇಲೆ ಕೂತಳು. ರೋಗಿಗಳ ಲಿಫ್ಟ್ ಬೇರೆ ಇತ್ತು. ಮೇಲೆ ಬರಲೆಂದು ಅಜ್ಜಪ್ಪ ಕೆಳಗೆ ಅದರೆದುರು ನಿಂತಾಗಲೆಲ್ಲ ಉಳಿದ ಆಯಾಗಳು ಒಂದೊಂದು ಸ್ಟ್ರೆಚರ್ ತಳ್ಳಿಕೊಂಡು ಬಂದು, ದಾರಿ ಬಿಡ್ರಿ ಎನ್ನುತ್ತಿದ್ದರು.

ಕೊನೆಗೆ ಅಜ್ಜಪ್ಪ ಐದೂ ಮಹಡಿಯ ಮೆಟ್ಟಿಲು ಹತ್ತಿ ಬಂದ. ಗೋಡೆ ಹಿಡಿದು ನಿಂತವನಿಗೆ ಬೈಯಲೂ ಉಸಿರಿರಲಿಲ್ಲ.

“ನೆಲ್ದಾಗೆ ಕೂಡ್ರಿ ಅಜ್ಜಪ್ನೋರೆ, ನಾನೇ ಒರ್ಸೀನಿ,” ಎಂದಳು ರಂಗವ್ವ. “ಬಡೇಸಾಬನ ರಜಾ ಚೀಟಿ ಇಲ್ಲೈತೆ. ಸಹಿ ಮಾಡೋವರ್ಗೂ ಈ ಡಬ್ಬಿ ಅಲ್ಲಾಡಲ್ಲ.”

ಅಜ್ಜಪ್ಪ ಕೂತ. ಐಸಿಯುವಿನಿಂದ ಬಂದ ಶಾಂತಲಾ ಅವನ ಒಂದು ಕೈಗೆ ಪೆನ್ನು ಕೊಟ್ಟು, ಇನ್ನೊಂದರ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಳು.

ನಾಡಿ: ನಿಮಿಷಕ್ಕೆ 132.