ದೀಪದ ಚಿಗರಿ

ಯಡ್ರಾಮಿಯಲ್ಲಿ ಅಣ್ಣಾರಾಯ ದೇಶಮುಖರಿಗೆ ಶಾಲು ಹೊದಿಸಿ, ಚಿಗರಿಗಳ ಪಾಲಿನ ತಂದೆ ಎಂದು ಹೊಗಳಿದ ದಿನ ನಾನೂ ಅಲ್ಲಿದ್ದೆ. ಜನ ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಪಕ್ಕದವ ಮೊಣಕೈಯಿಂದ ತಿವಿದು, "ಯಾಕಲೇ ದೇವಿಂದ್ರಾ, ಕೈಗೇನು ಲಕ್ವಾ ಹೊಡದೈತೇನು?" ಎಂದ. "ಹೂಂನಪಾ, ನಾಕು ವರ್ಷಾತು" ಎಂದು ಎದ್ದು ಬಂದೆ. ಚಿಗರಿ ಉಳಿಸಿದ ಮಹಾತ್ಮರ ಮಾತು ಬಂದರೆ ನನಗೆ ಮೈ ಉರಿಯುತ್ತದೆ. ಯಾಕೆ ಎನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ.

ನಾವು ಕೊಳಕೂರಿನ ಬೇಡರು. ಪುಣ್ಯವಂತರೇನಲ್ಲ, ಚಿಗರಿ ಕೊಂದು ತಿಂದ ಮನೆತನ. ಆದರೆ ಕೊಲ್ಲುವುದಕ್ಕೂ ನಮ್ಮಲ್ಲೊಂದು ಕಟ್ಟು ಇತ್ತು. ಬೇಟೆಯ ಮಾಂಸ ತಕ್ಕಡಿ ಏರಬಾರದು. ಪಾಲು ಹಾಕಬೇಕು, ಮಾರಬಾರದು. ಓಣಿಯಲ್ಲಿ ಬಸುರಿ ಇದ್ದರೆ, ಅವಳು ಯಾವ ಜಾತಿಯವಳೇ ಆಗಲಿ, ತಿನ್ನುವವಳಾದರೆ ಮೊದಲ ಪಾಲು ಅವಳದು. ಇನ್ನು ಹಿಡಿಯುವ ರೀತಿ. ಬಂದೂಕು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಮರಿಯಿದ್ದಾಗಲೇ ತಂದು ಹಾಲು ಕುಡಿಸಿ ಸಾಕಿದ ಒಂದು ಗಂಡು ಚಿಗರಿ ಇರುತ್ತಿತ್ತು. ಅದರ ಕೊಂಬಿಗೆ ನರದ ಉರುಲು ಕಟ್ಟಿ, ಎರಿ ಹೊಲದಲ್ಲಿ ಮೇಯುವ ಹಿಂಡಿನ ಎದುರಿಗೆ ಬಿಡುತ್ತಿದ್ದೆವು. ಹಿಂಡಿನ ಒಡೆಯನಾದ ಕರಿ ಗಂಡಿಗೆ, ನಾವು ಹೋರಿ ಎನ್ನುವುದಕ್ಕೆ, ಇದನ್ನು ಕಂಡರೆ ಆಗುತ್ತಿರಲಿಲ್ಲ. ಕಾದಾಡಲು ಬರುತ್ತಿತ್ತು. ಕೊಂಬಿಗೆ ಕೊಂಬು ಸಿಕ್ಕಿ ಉರುಲು ಬಿಗಿಯುತ್ತಿತ್ತು. ನಾವು ಓಡಿಹೋಗಿ ಹಿಡಿಯುತ್ತಿದ್ದೆವು. ಒಂದು ಬೇಟೆಗೆ ಒಂದೇ ಚಿಗರಿ. ಹೆಣ್ಣು ಕಾದಾಡಲು ಬರುವುದಿಲ್ಲ, ಹಾಗಾಗಿ ನಮ್ಮ ಉರುಲಿಗೆ ಹೆಣ್ಣು ಬಿದ್ದದ್ದೇ ಇಲ್ಲ.

ಹೀಗೆ ಕಾಡಿನದನ್ನು ಕರೆದು ತರುವ ಸಾಕಿದ ಪ್ರಾಣಿಗೆ ನಮ್ಮ ಮಾತಿನಲ್ಲಿ 'ದೀಪ' ಎನ್ನುತ್ತಾರೆ. ಕವುಜುಗ ಹಕ್ಕಿ ಹಿಡಿಯಲು ಸಾಕಿದ ಕವುಜುಗವೂ ದೀಪವೇ. ಆ ಹೆಸರು ಯಾಕೆ ಬಂತೆಂದು ನನಗೆ ತಿಳಿಯದು. ಮುತ್ಯಾನನ್ನು ಕೇಳಿದರೆ, "ಹುಳ ದೀಪಕ್ಕ ಬರೂದಿಲ್ಲೇನಲೇ, ಹಂಗ" ಎನ್ನುತ್ತಿದ್ದ. ಬೇಟೆಯಾಡುವವರೆಲ್ಲರಿಗೂ ಗೊತ್ತಿದ್ದ ಮಾತು ಅದು. ಪ್ಯಾಟೆಯವರಿಗೆ ಗೊತ್ತಿರಲಿಲ್ಲ.

ನಮ್ಮ ಮನೆಯ ದೀಪ ಅಣ್ಣ ಚಂದಪ್ಪನದು. ಅಣ್ಣ ಹೆಚ್ಚು ಮಾತಿನವನಲ್ಲ. ಹತ್ತು ಕೇಳಿದರೆ ಒಂದಕ್ಕೆ ಉತ್ತರ ಕೊಡುವವ. ಮನೆಯ ಮಾತುಗಳನ್ನೆಲ್ಲ ಆಡುತ್ತಿದ್ದವನು ನಾನು. "ದೇವಿಂದ್ರನ ಬಾಯಿ, ಚಂದಪ್ಪನ ಕೈ" ಎಂದು ಅತ್ತಿಗೆ ರೇವಮ್ಮ ನಗುತ್ತಿದ್ದಳು.

ದೇಶಮುಖರೂ ಬೇಟೆಗಾರರೇ. ವಯಸ್ಸಿನಲ್ಲಿದ್ದಾಗ ಅವರು ಹೊಡೆದ ಚಿಗರಿಗೆ ಲೆಕ್ಕವಿಲ್ಲ. ಅವರ ವಾಡೆಯ ಪಡಸಾಲೆಯಲ್ಲಿ ಗೋಡೆ ಕಾಣದಷ್ಟು ಕೊಂಬುಗಳಿದ್ದವು. ಐವತ್ತು ದಾಟಿ ಕೈ ನಡುಗತೊಡಗಿದ ಮೇಲೆ ಅವರಿಗೆ ಕರುಣೆ ಬಂತು. ಆಗ ನಿಜಾಮರ ರಾಜ್ಯ, ಅತ್ತ ಜರ್ಮನಿಯ ಯುದ್ಧ ನಡೆದಿತ್ತು. ದೇಶಮುಖರು ಚಿಗರಿಗಳನ್ನು ಕಾಯಲು ಅಂಜುಮನ್ ಎಂದು ಒಂದು ಸಂಘ ಕಟ್ಟಿದರು. ಮೇಲಿನವರಿಗೆ ಅರ್ಜಿ ಬರೆದು, ನಮ್ಮೂರಿನಿಂದ ಭೀಮೆಯ ದಂಡೆಯವರೆಗಿನ ಹುಲ್ಲುಗಾವಲಿನಲ್ಲಿ ಯಾರೂ ಚಿಗರಿ ಹಿಡಿಯಬಾರದೆಂದು ಹುಕುಮು ತಂದರು. ನಮ್ಮ ಬಲೆ, ಉರುಲುಗಳನ್ನು ಚಾವಡಿಯ ಮುಂದೆ ರಾಶಿ ಹಾಕಿ ಸುಟ್ಟರು. ಮುತ್ಯಾ ಹೊಸೆದ ಉರುಲುಗಳವು. ನಾನು ಹಲ್ಲು ಕಡಿದೆ. ಅಣ್ಣ ಮಾತ್ರ, "ಇರ್ಲಿ ಬಿಡು. ಹಿಂಡು ಕಡಿಮಿ ಆಗ್ಯಾವ, ಖರೆ. ಅವರು ಉಳಸ್ತಾರಂದ್ರ ನಾವ್ಯಾಕ ಅಡ್ಡ ಬರೂಣು?" ಎಂದ. ಮರುದಿನದಿಂದ ಕೂಲಿಗೆ ಹೋದ. ದೀಪವನ್ನು ಮಾತ್ರ ಬಿಟ್ಟುಕೊಡಲಿಲ್ಲ. ಬೇಟೆ ಇಲ್ಲದಿದ್ದರೂ ಅದು ಮನೆಯದಾಗಿತ್ತು. ಅವನ ಹಿಂದೆಯೇ ಹೊಲಕ್ಕೆ ಹೋಗಿ ಹಿಂದೆಯೇ ಬರುತ್ತಿತ್ತು.

ಆಮೇಲೆ ಪರ್ಮಿಟ್ ಬಂತು. ಅಂಜುಮನ್ ನಡೆಯಬೇಕಲ್ಲ, ಅದಕ್ಕೆ ಖರ್ಚಿಲ್ಲವೇ? ರೊಕ್ಕ ಕಟ್ಟಿ ಪರ್ಮಿಟ್ ತೆಗೆದುಕೊಂಡವರು ವರ್ಷಕ್ಕೆ ಇಂತಿಷ್ಟು ಹೋರಿ ಹೊಡೆಯಬಹುದು ಎಂದಾಯಿತು. ಸೊಲ್ಲಾಪುರದ ಕಡೆಯಿಂದ ಅಫಜಲಪುರದ ಮೇಲೆ ಹಾದು ಮೋಟಾರುಗಳು ಬರತೊಡಗಿದವು. ಮೊದಮೊದಲು ಹ್ಯಾಟು ಹಾಕಿದ ಶೋಕಿಯವರು, ಆಮೇಲೆ ದಂಡಿನ ಕ್ಯಾಂಪುಗಳಿಗೆ ಮಾಂಸ ಕಳಿಸುವ ಗುತ್ತೇದಾರರು, ಅವರ ಹಿಂದೆ ಚರ್ಮದ ವ್ಯಾಪಾರಿಗಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರು ಯಾರು? ಆದರೂ ಹೋರಿಗಳನ್ನಷ್ಟೇ ಹೊಡೆಯುತ್ತಾರಲ್ಲ ಎಂದು ಅಣ್ಣ ಸುಮ್ಮನಿದ್ದ.

ಒಂದು ಮುಂಜಾನೆ ಕುರಿ ಕಾಯುವವರು ಬಂದು ಕರೆದರು. ಹೋಗಿ ನೋಡಿದರೆ ಹುಲ್ಲುಗಾವಲಿನ ತುಂಬ ಚಿಗರಿಗಳು ಬಿದ್ದಿದ್ದವು. ನಾನು ಅರವತ್ತರವರೆಗೆ ಎಣಿಸಿ ಬಿಟ್ಟೆ. ಮುಕ್ಕಾಲು ಪಾಲು ಹೆಣ್ಣು, ಅದರಲ್ಲೂ ಎಷ್ಟೋ ಗಬ್ಬದವು. ನೆಲದಲ್ಲಿ ಲಾರಿಯ ಗಾಲಿ ಗುರುತು. ಕಣ್ಣಿಗೆ ಲೈಟು ಹೊಡೆದರೆ ಚಿಗರಿ ಓಡುವುದಿಲ್ಲ, ನಿಂತುಬಿಡುತ್ತದೆ. ನಿಂತದ್ದನ್ನು ನಿಂತಲ್ಲೇ ಹೊಡೆದಿದ್ದರು. ಲಾರಿ ತುಂಬಿದ ಮೇಲೆ ಉಳಿದದ್ದನ್ನು ಬಿಟ್ಟು ಹೋಗಿದ್ದರು. ಅಣ್ಣ ಒಂದು ಗಬ್ಬದ ಚಿಗರಿಯ ಪಕ್ಕ ಕೂತು, ಅದರ ಹೊಟ್ಟೆಯ ಮೇಲೆ ಕೈಯಿಟ್ಟ. "ಇನ್ನೂ ಬೆಚ್ಚಗೈತಿ" ಎಂದ. ಅಷ್ಟೇ.

ಸುದ್ದಿ ಮೇಲಕ್ಕೆ ಹೋಯಿತು. ರಾತ್ರಿ ಬೆಳಕು ಹಿಡಿದು ಬೇಟೆಯಾಡುವುದು ದೊಡ್ಡ ಗುನ್ಹೆ ಎಂದು ಕಾನೂನಿತ್ತಂತೆ, ನನಗದು ಆಮೇಲೆ ತಿಳಿದದ್ದು. ವಿಚಾರಣೆಗೆ ಒಬ್ಬ ಅಧಿಕಾರಿ ಬಂದರು. ಅವರಿಗೆ ಕನ್ನಡ ಬರದು. ಜೊತೆಗೆ ಆಳಂದ ಪ್ಯಾಟೆಯ ಒಬ್ಬ ಪೇಶಕಾರ, ಕೇಳಿದ್ದನ್ನು ಕನ್ನಡಕ್ಕೆ ತಂದು, ಹೇಳಿದ್ದನ್ನು ಉರ್ದುವಿನಲ್ಲಿ ಬರೆದುಕೊಳ್ಳುವವ. ದೇಶಮುಖರ ವಾಡೆಯ ಅಂಗಳದಲ್ಲಿ, ಬೇವಿನ ಗಿಡದ ಕೆಳಗೆ ವಿಚಾರಣೆ. ದೇಶಮುಖರು ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಬೇಡರನ್ನೆಲ್ಲ ಸಾಲಾಗಿ ನಿಲ್ಲಿಸಿದರು.

"ನೀವು ಚಿಗರಿ ಹೆಂಗ ಹಿಡೀತಿದ್ರಿ?" ಎಂದು ಪೇಶಕಾರ ಅಣ್ಣನನ್ನು ಕೇಳಿದ. ಅಣ್ಣ ಬಾಯಿ ತೆರೆಯುವಷ್ಟರಲ್ಲಿ ನಾನು ಮುಂದೆ ಹೋದೆ. ಇದೊಂದು ಮಾತು ಸರಿಯಾಗಿ ಹೇಳಿದರೆ ನಮ್ಮ ಮೇಲಿನ ಗುಮಾನಿ ಹರಿಯುತ್ತದೆ ಎಂದು ನನ್ನ ಲೆಕ್ಕ.

"ಬಂದೂಕು ನಮಗ ಗೊತ್ತಿಲ್ರಿ ಸಾಹೇಬ್ರ. ನಮ್ಮದು ಮುತ್ಯಾನ ಕಾಲದಿಂದ ದೀಪದ ಬ್ಯಾಟಿ. ದೀಪ ಬಿಟ್ಟು ಹಿಡೀತಿದ್ವಿರಿ, ಅಷ್ಟರಿ."

ಪೇಶಕಾರ ತಲೆ ಎತ್ತಿದ. "ದೀಪದಿಂದ?"

"ಹೌದ್ರಿ. ನಮ್ಮಣ್ಣನ ದೀಪದಂಥಾದ್ದು ಈ ಸೀಮ್ಯಾಗ ಇನ್ನೊಂದಿಲ್ರಿ. ಅದನ್ನ ಕಂಡ್ರ ಎಂಥಾ ಹೋರಿನೂ ನಿಂತ ಬಿಡ್ತೈತಿ."

"ಈಗ ಅದು ಎಲ್ಲೈತಿ?"

"ಮನ್ಯಾಗ ಕಟ್ಟೇವ್ರಿ."

ಪೇಶಕಾರನ ಲೇಖನಿ ಅಲ್ಲಿ ನಿಂತಿತು. ದೀಪವನ್ನು ಕಟ್ಟುತ್ತಾರೆಯೇ ಎಂದು ಅವನಿಗೂ ಅನ್ನಿಸಿರಬೇಕು. ದೇಶಮುಖರ ಕಡೆ ನೋಡಿದ. ದೇಶಮುಖರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆಯೇ, "ಹೇಳಿದ್ದು ಬರಕೊಳ್ರಿ" ಎಂದರು. ಅವನು ಬರೆದುಕೊಂಡ.

ಅಧಿಕಾರಿಯ ಮುಖ ಬಿರುಸಾದದ್ದನ್ನು ಕಂಡು ಅಣ್ಣ ನನ್ನ ತೋಳು ಹಿಡಿದು ಹಿಂದೆ ಸರಿಸಿದ. "ಇವ ಸಣ್ಣಾಂವ್ರಿ, ಇವನ್ನ ಬಿಡ್ರಿ. ದೀಪ ನಂದು" ಎಂದು ಹೆಬ್ಬೆಟ್ಟು ಒತ್ತಿದ. ಅವನಿಗೆ ಒಂದೂವರೆ ವರ್ಷ ಜೇಲಾಯಿತು. ಚಿಗರಿ ಸಾಕಿದ್ದಕ್ಕೆ ಇಷ್ಟು ಶಿಕ್ಷೆಯೇ ಎಂದು ನಾನು ಬಾಯಿ ಬಡಿದುಕೊಂಡೆ. ಕಾರಣ ಅದೇ ಎಂದು ನಾನು ತಿಳಿದಿದ್ದೆ.

ಎರಡು ದಿನ ಬಿಟ್ಟು ದೇಶಮುಖರ ಜನ ಬಂದು ದೀಪವನ್ನು ಎಳೆದುಕೊಂಡು ಹೋದರು. ಬೇಡರ ಸೆರೆಯಿಂದ ಬಿಡಿಸಿದ ಪ್ರಾಣಿ ಎಂದು ಅದಕ್ಕೆ ಹಾರ ಹಾಕಿ, ಬಾಜಾ ಬಾರಿಸಿ, ಫೋಟೋ ತೆಗೆಸಿ ಹುಲ್ಲುಗಾವಲಿಗೆ ಬಿಟ್ಟರು. ಮನುಷ್ಯರ ಕೈಯಲ್ಲಿ ಬೆಳೆದದ್ದನ್ನು ಕಾಡಿನ ಹಿಂಡು ಸೇರಿಸಿಕೊಳ್ಳುವುದಿಲ್ಲ. ಇದು ಬೇಡರ ಕೂಸಿಗೂ ಗೊತ್ತು. ಮೂರನೆಯ ದಿನ ನಾನು ಹೋಗಿ ನೋಡಿದಾಗ ಕಾಡು ಹೋರಿ ಅದರ ಪಕ್ಕೆ ಸೀಳಿತ್ತು. ಊರ ಕಡೆಗೇ ತಲೆ ಹಾಕಿ ಸತ್ತಿತ್ತು. ಮಣ್ಣು ಮಾಡಿ ಬಂದೆ. ಅಣ್ಣನಿಗೆ ಹೇಳಿಕಳಿಸಲಿಲ್ಲ.

ನಾನು ಜೇಲಿಗೆ ಹೋಗಲಿಲ್ಲ. ಬಂದರೆ ನಿನ್ನನ್ನೂ ಹಿಡಿಯುತ್ತಾರೆ, ಬರಬೇಡ ಎಂದು ಅಣ್ಣನೇ ಹೇಳಿಕಳಿಸಿದ್ದ. ಅತ್ತಿಗೆ ಎರಡು ಸಲ ಹೋಗಿಬಂದಳು. ಎರಡನೆಯ ಸಲ ಬಂದಾಗಿನಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದಳು. ಗಂಡನ ಚಿಂತೆ ಎಂದುಕೊಂಡೆ. ಅದಾದ ತಿಂಗಳೊಳಗೆ ಅಣ್ಣ ಜ್ವರ ಬಂದು ಅಲ್ಲೇ ಸತ್ತ. ಅವನ ಧೋತರ, ಕಂಬಳಿ, ಜೊತೆಗೆ ಒಂದು ಉರ್ದು ಕಾಗದ ಮನೆಗೆ ಬಂದವು.

ಓಣಿಯಲ್ಲಿ ಉರ್ದು ಬಲ್ಲವರೆಂದರೆ ಖುರ್ಷಿದಬೇಗಂ ಒಬ್ಬರೇ. ಹುಡುಗಿಯರಿಗೆ ಮನೆಯಲ್ಲೇ ಓದಿಸುತ್ತಿದ್ದರು. ಅಣ್ಣನನ್ನು ಕೂಸಿದ್ದಾಗಿನಿಂದ ಕಂಡವರು. ಕಾಗದ ಒಯ್ದು ಕೊಟ್ಟೆ. ಕನ್ನಡಕ ಏರಿಸಿಕೊಂಡು ಓದಿದರು, ಇನ್ನೊಮ್ಮೆ ಓದಿದರು.

"ದೇವಿಂದ್ರಾ, ನೀವು ಚಿರಾಗ ಹಿಡ್ಕೊಂಡು ಬ್ಯಾಟಿ ಆಡ್ತಿದ್ರೇನಪಾ?"

"ಚಿರಾಗ ಅಂದ್ರ ಏನ್ರಿ ಬೀಬಿ?"

ಅವರು ಗೂಡಿನಲ್ಲಿದ್ದ ಚಿಮಣಿ ದೀಪವನ್ನು ತೋರಿಸಿದರು. "ಇದು. ಚಿರಾಗ ತೋರ್ಸಿ ಚಿಗರಿ ನಿಂದ್ರಸಿ ಕೊಂದ ಅಂತ ಬರದಾರ. ನಮ್ಮಣ್ಣನ ಚಿರಾಗದಂಥಾದ್ದು ಸೀಮ್ಯಾಗ ಇಲ್ಲ ಅಂತ ತಮ್ಮ ಹೇಳ್ಯಾನಂತ."

ಪೇಶಕಾರ ನಮ್ಮ ದೀಪವನ್ನು ಹಚ್ಚುವ ದೀಪ ಮಾಡಿ ಬರೆದಿದ್ದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಣ್ಣನನ್ನು ಉಳಿಸಲು ಆಡಿದ ಮಾತು ಅದು. ಅದೇ ಅವನನ್ನು ಒಳಗೆ ಹಾಕಿತ್ತು. ಖುರ್ಷಿದಬೇಗಂ ನನ್ನ ತಲೆಯ ಮೇಲೆ ಕೈಯಿಟ್ಟು ಅತ್ತುಬಿಟ್ಟರು.

ಅಲ್ಲಿಂದ ನೆಟ್ಟಗೆ ವಾಡೆಗೆ ಹೋದೆ. ದೇಶಮುಖರು ಪಡಸಾಲೆಯಲ್ಲಿ ಒಬ್ಬರೇ ಇದ್ದರು.

"ದೀಪ ಅಂದ್ರ ಏನಂತ ನಿಮಗ ಗೊತ್ತಿತ್ತಲ್ರಿ, ಧಣ್ಯಾರ?"

ಸುಳ್ಳು ಹೇಳುತ್ತಾರೆ ಎಂದುಕೊಂಡಿದ್ದೆ. ಹೇಳಲಿಲ್ಲ. "ಗೊತ್ತಿತ್ತು. ನಮ್ಮಪ್ಪನೂ ಸಾಕಿದ್ದ" ಎಂದರು.

"ಮತ್ತ ಆವತ್ತ ಸುಮ್ಮ ಯಾಕ ಕುಂತ್ರಿ?"

"ಆ ಲಾರಿಯವರಿಗೆ ಪರ್ಮಿಟ್ ಕೊಟ್ಟಾಂವ ನಾ. ಅದು ಹೊರಗ ಬಿದ್ದಿದ್ರ ಅಂಜುಮನ್ ಅವತ್ತೇ ಮುಚ್ಚತಿತ್ತು. ಮುಚ್ಚಿದ್ರ ಒಂದ ಚಿಗರಿನೂ ಉಳೀತಿರಲಿಲ್ಲ. ಈಗ ಪರ್ಮಿಟ್ ನಿಲ್ಲಿಸೇನಿ. ಹಿಂಡು ಬೆಳ್ಯಾಕತ್ತಾವ, ಹೋಗಿ ನೋಡು. ಒಬ್ಬ ಮನಿಷ್ಯಾ ಹೋದ ದೇವಿಂದ್ರಾ, ನನಗೂ ಸಂಕಟ ಐತಿ. ಆದ್ರ ನೂರಾರು ಜೀವ ಉಳದಾವ."

ಕುತ್ತಿಗೆಗೆ ಕೈ ಹಾಕಬೇಕು ಎನ್ನಿಸಿತು. ಹಾಕಲಿಲ್ಲ. ಹಿಂಡು ಬೆಳೆದದ್ದು ನಿಜ, ನಾನೇ ಕಣ್ಣಾರೆ ಕಂಡಿದ್ದೆ. ಅದಕ್ಕೇ ನನಗೆ ಇನ್ನೂ ಹೆಚ್ಚು ಸಂಕಟ. ಅವರು ಪೂರಾ ಸುಳ್ಳರಾಗಿದ್ದರೆ ಬೈದು ಹಗುರಾಗಬಹುದಿತ್ತು.

ಮನೆಗೆ ಬಂದಾಗ ಅತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಒಲೆಯ ಎದುರು ಕುಸಿದು ಕೂತು, "ಅತ್ತಿಗಿ, ಅಣ್ಣನ್ನ ಕೊಂದಾಂವ ನಾನs" ಎಂದೆ.

ಅವಳ ಕೈ ನಿಂತಿತು. "ಯಾರ ಹೇಳಿದ್ರು ನಿನಗ?" ಎಂದಳು.

ಏನು ಹೇಳುತ್ತಿದ್ದೀ ಎಂದು ಕೇಳಲಿಲ್ಲ. ಯಾರು ಹೇಳಿದರು ಎಂದು ಕೇಳಿದಳು.

"ಜೇಲಿನ್ಯಾಗ ಉರ್ದು ಬಲ್ಲಾಂವ ಒಬ್ಬ ನಿಮ್ಮಣ್ಣಗ ಕಾಗದ ಓದಿ ಹೇಳಿದ್ನಂತ" ಎಂದಳು. "ಅರ್ಜಿ ಹಾಕೂಣು, ಮಾತು ತಪ್ಪಾಗೇತಿ ಅಂತ ಬರಸೂಣು ಅಂದೆ. ಬ್ಯಾಡ ಅಂದ. ಅರ್ಜಿ ಹಾಕಿದ್ರ ದೇವಿಂದ್ರನ್ನ ಕರಸ್ತಾರ, ಸುಳ್ಳ ಹೇಳಿಕಿ ಕೊಟ್ಟಿ ಅಂತ ಅವನ್ನೂ ಒಳಗ ಹಾಕ್ತಾರ, ಇನ್ನೊಂದು ವರ್ಷದಾಗ ನಾನs ಬರ್ತೇನಿ ಅಂದ. ತಮ್ಮಗ ಇದು ಗೊತ್ತಾಗಬಾರದು, ಗೊತ್ತಾದ್ರ ಅವ ಉಳ್ಯೂದಿಲ್ಲ, ಅಂತ ನನ್ನ ಕೈಲೆ ಆಣಿ ಹಾಕಿಸಿಕೊಂಡ."

"ನಿನಗ ಸಿಟ್ಟ ಬರಲಿಲ್ಲೇನು ಅತ್ತಿಗಿ?"

"ಬಂತು. ನಿನ್ನ ತಾಟಿಗಿ ರೊಟ್ಟಿ ಹಾಕೂ ಮುಂದ ದಿನಾ ಬರತೈತಿ. ಇವತ್ತೂ ಬಂದೈತಿ." ಸೆರಗಿನಿಂದ ಮುಖ ಒರೆಸಿಕೊಂಡು ಹಂಚಿನ ಮೇಲಿದ್ದ ರೊಟ್ಟಿ ತಿರುವಿದಳು. ಆಮೇಲೆ ಅದನ್ನು ತೆಗೆದು ನನ್ನ ತಾಟಿಗೆ ಹಾಕಿದಳು. "ಉಣ್ಣು" ಎಂದಳು.

ತಾಟು ಹತ್ತಿರಕ್ಕೆ ಎಳೆದುಕೊಂಡೆ. ಉಂಡೆ. ಅಣ್ಣ ತನ್ನ ಜೀವ ಕೊಟ್ಟು ಉಳಿಸಿದವನು ನಾನು. ಉಪವಾಸ ಬೀಳುವ ಹಕ್ಕು ನನಗಿರಲಿಲ್ಲ.